ಅಗ್ಗದ ನೆಲದ ಲೆಕ್ಕ

‘ಮಣ್ಣಿನಲ್ಲಿ ವಿಷಾಂಶವಿದೆ, ಆದರೆ ಮಿತಿಯೊಳಗಿದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಹಲವರು ನಿಶ್ಚಿಂತರಾಗುತ್ತಾರೆ. ಯಾರಿಗೆ ಮಿತಿ, ಯಾವ ಬಳಕೆಗೆ ಮಿತಿ ಎಂದು ಕೇಳುವವರು ವಿರಳ. ಕೇಳದೆ ಬಿಡುವುದನ್ನು ಪ್ರಮಾದವೆಂದೇ ಕರೆಯಬೇಕು.

ಮಣ್ಣಿನಲ್ಲಿ ಸೀಸ ಎಷ್ಟಿದ್ದರೆ ಅಪಾಯ ಅಲ್ಪವೆಂದು ಭಾವಿಸಬಹುದೆಂಬುದಕ್ಕೆ ಇಂಗ್ಲೆಂಡಿನ ಪರಿಸರ ಇಲಾಖೆಯು 2014ರಲ್ಲಿ ಮಟ್ಟಗಳನ್ನು ಪ್ರಕಟಿಸಿತು. ಒಂದು ಕಿಲೋಗ್ರಾಂ ಮಣ್ಣಿಗೆ, ವಾಣಿಜ್ಯ ನಿವೇಶನದಲ್ಲಿ 2,330 ಮಿಲಿಗ್ರಾಂ. ಹಿತ್ತಿಲ ಬೆಳೆ ಉಣ್ಣದ ಮನೆಗೆ 310. ಹಿತ್ತಿಲಲ್ಲಿ ಬೆಳೆದು ಉಣ್ಣುವ ಮನೆಗೆ 200. ಕಾಯಿಪಲ್ಯ ಬೆಳೆಯಲೆಂದೇ ಹಂಚಿಕೊಟ್ಟ ತುಂಡುಭೂಮಿಗೆ ಕೇವಲ 80. ಸೀಸ ಒಂದೇ, ಬದಲಾದದ್ದು ನೆಲದ ಮೇಲೆ ಬದುಕುವವರು. ಗೋದಾಮಿನ ಕಾಂಕ್ರೀಟಿನ ಮೇಲೆ ಪ್ರಾಯದ ಆಳು ಕೆಲವು ಗಂಟೆ ದುಡಿದು ಮರಳುತ್ತಾನೆ. ಮಗುವಾದರೋ ಅಂಗಳದಲ್ಲಿ ಹರಿದಾಡಿ ಮಣ್ಣಾದ ಕೈಯನ್ನು ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಅದರ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುವ ಮೆದುಳಿಗೆ ಅದರಿಂದ ಹಾನಿ. ಸೊಪ್ಪು ತರಕಾರಿಗಳು ಅದೇ ಮಣ್ಣನ್ನು ಅಡುಗೆಮನೆಗೂ ತರುತ್ತವೆ.

ಆದಕಾರಣ, ‘ಅಲ್ಲಿ ಬಹುಕಾಲ ಕಾರ್ಖಾನೆ ನಡೆಯಿತು, ದುಡಿದವರಿಗೆ ಏನೂ ಆಗಲಿಲ್ಲ’ ಎಂಬ ವಾದವು ಶಾಲೆ ಕಟ್ಟುವವರ ಬಾಯಲ್ಲಿ ಶೋಭಿಸದು.

ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಪ್ರಕರಣ ಇದಕ್ಕೆ ಸಾಕ್ಷಿ. ಹೂಕರ್ ಎಂಬ ರಾಸಾಯನಿಕ ಕಂಪನಿಯು ಅಲ್ಲಿನ ಹಳೆಯ ಕಾಲುವೆಯಲ್ಲಿ ಸುಮಾರು 21,000 ಟನ್ ತ್ಯಾಜ್ಯವನ್ನು ಹೂಳಿ, 1953ರಲ್ಲಿ ಆ ನೆಲವನ್ನು ಶಾಲಾಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ತ್ಯಾಜ್ಯವಿರುವುದನ್ನು ಪತ್ರದಲ್ಲೇ ನಮೂದಿಸಿ, ಮುಂದಿನ ಹಾನಿಗೆ ತಾನು ಹೊಣೆಯಲ್ಲವೆಂದು ಬರೆಸಿಕೊಂಡಿತು. ಮಂಡಳಿಯು ತಿಳಿದೂ ಶಾಲೆ ಕಟ್ಟಿತು, ಸುತ್ತ ಮನೆಗಳೆದ್ದವು. 1978ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಶಾಲೆ ಮುಚ್ಚಿತು, ನೂರಾರು ಕುಟುಂಬಗಳು ಮನೆ ತೊರೆದವು. ಹಿರಿಯರು ಉಳಿತಾಯವೆಂದು ಬರೆದುಕೊಂಡ ಮೊತ್ತವನ್ನು ಮಕ್ಕಳು ತೆತ್ತರು. ವ್ಯಾಪಾರವನ್ನು ಬಲ್ಲ ಯಾರೂ ಇದನ್ನು ಲಾಭವೆನ್ನಲಾರರು.

ಭಾರತದಲ್ಲಿಯೂ ಕಲುಷಿತ ನಿವೇಶನಗಳ ನಿರ್ವಹಣೆಗೆ 2025ರಲ್ಲಿ ನಿಯಮಗಳು ಬಂದಿವೆ. ಆದರೆ ಕಾನೂನಿನ ನೋಟೀಸು ಬರುವವರೆಗೆ ವಿವೇಕವು ಕಾಯಬೇಕಿಲ್ಲ. ಪಾಠಶಾಲೆಗೋ ವಿದ್ಯಾರ್ಥಿನಿಲಯಕ್ಕೋ ನೆಲವನ್ನು ಸ್ವೀಕರಿಸುವ ಟ್ರಸ್ಟುಗಳು ಹಕ್ಕುಪತ್ರವನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ, ಅಲ್ಲಿ ಹಿಂದೆ ಏನು ನಡೆದಿತ್ತೆಂದು ವಿಚಾರಿಸಬೇಕು. ಮಣ್ಣನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಮುಂದೆ ಅಲ್ಲಿ ಆಡುವ ಮಗುವಿನ ಮಿತಿಯೊಡನೆ ಹೋಲಿಸಬೇಕು. ದೋಷ ಕಂಡರೆ ಶುದ್ಧಿಗೊಳಿಸಬೇಕು, ಇಲ್ಲವೇ ಬೇರೆ ಬಳಕೆಗೆ ಬಿಡಬೇಕು. ಎರಡೂ ಆಗದಿದ್ದಲ್ಲಿ, ದಾನವಾಗಿ ಬಂದ ನೆಲವನ್ನೂ ಕೈಮುಗಿದು ಹಿಂದಿರುಗಿಸುವುದೇ ಧರ್ಮ.