ಕೋರ್ಟಿನ ಕಾಗದವೂ ಕಾರ್ಡಿನ ಸಾಲವೂ

ಋಣವೆಂಬುದು ಸಂಸಾರಸ್ಥನಿಗೆ ಹೊಸ ಮಾತಲ್ಲ. ಮದುವೆಗೆಂದೋ, ಬಿತ್ತನೆಗೆಂದೋ, ಕಾಯಿಲೆಗೆಂದೋ ಊರಿನಲ್ಲಿ ಸಾಲ ಮಾಡಿ, ಬೇಸಗೆ ಮಳೆಗಾಲಗಳೆನ್ನದೆ ದುಡಿದು ತೀರಿಸಿದವರ ಮಕ್ಕಳೇ ನಾವು. ಆದರೆ ಆ ಕಾಲದ ಸಾಲಕ್ಕೆ ಒಂದು ಮುಖವಿತ್ತು; ಕಷ್ಟ ಹೇಳಿಕೊಂಡರೆ ಕೇಳುವ ಕಿವಿಯೊಂದಿತ್ತು. ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮ್ಮವರ ಕಿಸೆ ಸೇರಿರುವ ಕ್ರೆಡಿಟ್ ಕಾರ್ಡಿಗೆ ಮುಖವಿಲ್ಲ. ಕೊಡುವಾಗ ಅದು ಹೆಚ್ಚು ಪ್ರಶ್ನೆ ಕೇಳದು. ಕೇಳುವಾಗ ಉತ್ತರಕ್ಕೆ ಕಾಯದು. ಕೊನೆಗೊಂದು ದಿನ ಫೋನಿನ ಗದರಿಕೆಗಳೆಲ್ಲ ಮುಗಿದು, ನ್ಯಾಯಾಲಯದ ಮೊಹರು ಬಿದ್ದ ಕಾಗದವೊಂದು ಬರುತ್ತದೆ. ಆ ಕಾಗದವನ್ನು ಕಂಡು ನಮ್ಮವರು ನಡೆದುಕೊಳ್ಳುವ ರೀತಿಯ ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕಾರ್ಡಿನ ಲೆಕ್ಕವನ್ನು ಹೋಟೆಲಿನ ದಿನದ ಲೆಕ್ಕದಂತೆ ಬಿಡಿಸಿ ನೋಡೋಣ. 50,000 ರೂಪಾಯಿ ಬಾಕಿ ನಿಂತಿದೆಯೆಂದು ಇಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಮೂರೂವರೆಯ ದರವಾದರೆ ಬಡ್ಡಿ 1,750 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 315 ರೂಪಾಯಿ. ಎರಡೂ ಸೇರಿ 2,065. ಕ್ಲಾರ್ಕನೊಬ್ಬನು 2,500 ರೂಪಾಯಿ ಕಟ್ಟಿ, ಈ ತಿಂಗಳ ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟರೆ, ಅಸಲಿನಲ್ಲಿ ಇಳಿದಿರುವುದು 435 ರೂಪಾಯಿ ಮಾತ್ರ. ಒಂದು ಕಂತು ತಪ್ಪಿತೆಂದರೆ ತಡದ ದಂಡ ಬೇರೆ. ವರ್ಷಕ್ಕೆ ನೂರಕ್ಕೆ 42ರ ಬಡ್ಡಿಯನ್ನು ಊರಿನ ಸಾಹುಕಾರನು ಕೇಳಿದ್ದರೆ ನಾವು ಅವನನ್ನು ರಕ್ತ ಹೀರುವವನೆಂದು ಕರೆಯುತ್ತಿದ್ದೆವು.

ಈ ದರವನ್ನು ಕಾನೂನು ತಡೆಯಲಾರದೆ ಎಂಬ ಪ್ರಶ್ನೆ ಸಹಜ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರಪದ್ಧತಿಯೆಂದು ತೀರ್ಪಿತ್ತಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಆದಕಾರಣ ಬಡ್ಡಿಯ ದರ ಹೆಚ್ಚೆಂಬ ಒಂದೇ ವಾದವನ್ನು ನೆಚ್ಚಿ ಕುಳಿತುಕೊಳ್ಳುವ ಕಾಲ ಇದಲ್ಲ. ಬಡವನಿಗೆ ರಕ್ಷಣೆಯಿರುವುದು ಬೇರೊಂದೆಡೆಯಲ್ಲಿ, ಎಂದರೆ ನ್ಯಾಯಾಲಯದ ನಡವಳಿಕೆಯ ನಿಯಮಗಳಲ್ಲಿ. ಆದರೆ ಆ ನಿಯಮಗಳ ನೆರಳು ಬೀಳುವುದು ಎದುರಿಗೆ ಬಂದು ನಿಂತವನ ಮೇಲೆಯೇ ಹೊರತು ಅಡಗಿ ಕುಳಿತವನ ಮೇಲಲ್ಲ.

ನಮ್ಮವರು ಎಡವುವುದು ಇಲ್ಲಿಯೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ಕೇಳುತ್ತ ಬೆಳೆದವರಿಗೆ ಕೋರ್ಟಿನ ಹೆಸರೇ ಅವಮಾನವಾಗಿ ತೋರುತ್ತದೆ. ಕಾಗದವು ಇಂಗ್ಲಿಷಿನಲ್ಲಿಯೋ, ಮರಾಠಿಯಲ್ಲಿಯೋ, ತಮಿಳಿನಲ್ಲಿಯೋ ಇದ್ದರಂತೂ ಓದಿಸಿಕೊಳ್ಳಲು ಮತ್ತೊಬ್ಬನ ಬಳಿಗೆ ಹೋಗಬೇಕು. ಹೋದರೆ ಸುದ್ದಿ ಊರಿಗೆ ಮುಟ್ಟೀತೆಂಬ ಭಯ. ಹೀಗಾಗಿ ಲಕೋಟೆ ಟ್ರಂಕಿನ ತಳ ಸೇರುತ್ತದೆ. ಇನ್ನು ಕೆಲವರು ಹೋಟೆಲು ಬದಲಾಯಿಸಿದಾಗ ಖೋಲಿ ಬದಲಾಯಿಸುತ್ತಾರೆ. ಬ್ಯಾಂಕಿನ ದಾಖಲೆಯಲ್ಲಿ ಮಾತ್ರ ಹಳೆಯ ವಿಳಾಸವೇ ಉಳಿಯುತ್ತದೆ. ಪ್ರತಿವಾದಿ ಸಿಗದಿದ್ದಾಗ ಸಮನ್ಸನ್ನು ಬಾಗಿಲಿಗೆ ಅಂಟಿಸುವುದಕ್ಕೂ, ನ್ಯಾಯಾಲಯವು ಆಜ್ಞೆಯಿತ್ತರೆ ಪತ್ರಿಕೆಯಲ್ಲಿ ಪ್ರಕಟಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಎದುರುತ್ತರವಿಲ್ಲದೆ ದಾವೆ ಮುಗಿಯುತ್ತದೆ, ಏಕಪಕ್ಷೀಯ ಡಿಕ್ರಿಯಾಗುತ್ತದೆ. ವಿಳಾಸ ಬದಲಾದಾಗ ಬ್ಯಾಂಕಿಗೆ ಬರೆದು ತಿಳಿಸುವುದು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು.

ಸಮನ್ಸ್ ಬಂದ ದಿನದಿಂದ ಗಡುವಿನ ಗಡಿಯಾರ ನಡೆಯತೊಡಗುತ್ತದೆ. ಸಾಧಾರಣ ದಾವೆಯಲ್ಲಿ ಲಿಖಿತ ಉತ್ತರ ಕೊಡಲು 30 ದಿನ. ನ್ಯಾಯಾಲಯವು ಮನಸ್ಸು ಮಾಡಿದರೆ 90 ದಿನದವರೆಗೆ. ಆದರೆ ಹಣದ ಬಾಕಿಗಾಗಿ ಸಂಕ್ಷಿಪ್ತ ದಾವೆ ಹೂಡುವ ದಾರಿಯೂ ಬ್ಯಾಂಕಿಗೆ ತೆರೆದಿದ್ದು, ಅದರಲ್ಲಿ ಹಾಜರಿ ಹಾಕಲು ಇರುವುದು 10 ದಿನ ಮಾತ್ರ. ಕಾಗದದಲ್ಲಿ ಯಾವ ಬಗೆಯ ದಾವೆಯೆಂದು ಬರೆದಿದೆ, ತಾರೀಖು ಯಾವುದು ಎಂಬೆರಡನ್ನು ಅಂದೇ ಓದಿಸಿ ತಿಳಿಯಬೇಕು. ಬ್ಯಾಂಕಿನ ಲೆಕ್ಕ ಸರಿಯಿದೆಯೇ, ಕಟ್ಟಿದ ಕಂತುಗಳೆಲ್ಲ ಜಮೆಯಾಗಿವೆಯೇ, ಕೊನೆಯದಾಗಿ ಹಣ ಕಟ್ಟಿದ್ದು ಯಾವಾಗ ಎಂಬುದನ್ನೂ ನೋಡಬೇಕು. ಇಂತಹ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ.

ತಿಳಿಯದೆಯೇ ಡಿಕ್ರಿಯಾಗಿದ್ದರೆ? ಅದಕ್ಕೂ ಮಾರ್ಗವುಂಟು. ಸಮನ್ಸ್ ಸರಿಯಾಗಿ ಮುಟ್ಟಲಿಲ್ಲವೆಂದೋ, ಬರಲಾಗದಿದ್ದುದಕ್ಕೆ ತಕ್ಕ ಕಾರಣವಿತ್ತೆಂದೋ ತೋರಿಸಿ, ಡಿಕ್ರಿಯನ್ನು ತೆಗೆದುಹಾಕಬೇಕೆಂದು ಅದೇ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಅವಧಿ ಡಿಕ್ರಿಯ ದಿನದಿಂದ 30 ದಿನ. ಸಮನ್ಸೇ ಸರಿಯಾಗಿ ಮುಟ್ಟಿರದಿದ್ದರೆ ಡಿಕ್ರಿಯ ಸುದ್ದಿ ತಿಳಿದ ದಿನದಿಂದ 30 ದಿನ. ಆದರೆ ಕಾಗದವನ್ನು ಕಂಡೂ ಕಾಣದಂತಿದ್ದವನಿಗೆ ಈ ಬಾಗಿಲು ತೆರೆಯದು. ವಾಯಿದೆಯ ದಿನ ಗೊತ್ತಿತ್ತು, ಬರಲು ಸಾಕಷ್ಟು ಸಮಯವೂ ಇತ್ತು ಎಂದು ಕಂಡುಬಂದರೆ, ಸಮನ್ಸ್ ಜಾರಿಯ ಸಣ್ಣ ಲೋಪವನ್ನು ಮುಂದೊಡ್ಡಿ ಡಿಕ್ರಿಯನ್ನು ತೆಗೆಸಲಾಗದು.

ಡಿಕ್ರಿಯೆಂದೊಡನೆ ಸೆರೆಮನೆಯೆಂದು ನಡುಗುವವರಿದ್ದಾರೆ. ಕಾರ್ಡಿನ ಬಾಕಿ ಸಿವಿಲ್ ಋಣವೇ ಹೊರತು ಕಳ್ಳತನವಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಗಂಡಸರನ್ನಾದರೂ ಮೊದಲು ಕಾರಣ ಕೇಳದೆ ಸೆರೆಗೆ ಕಳುಹಿಸುವಂತಿಲ್ಲ. ಓಡಿಹೋಗುವ ಸಂಭವವಿದೆ, ಆಸ್ತಿಯನ್ನು ಅಪ್ರಾಮಾಣಿಕವಾಗಿ ಪರಭಾರೆ ಮಾಡಿದ್ದಾನೆ, ಅಥವಾ ಕೊಡುವ ಶಕ್ತಿಯಿದ್ದೂ ಕೊಡುತ್ತಿಲ್ಲ ಎಂಬಂತಹ ಕಾರಣವನ್ನು ನ್ಯಾಯಾಧೀಶರು ಬರೆದು ದಾಖಲಿಸಬೇಕು. 1980ರಲ್ಲಿ ಕೊಚ್ಚಿನ್ ಬ್ಯಾಂಕಿನ ಡಿಕ್ರಿಯೊಂದರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ಸುಪ್ರೀಂ ಕೋರ್ಟಿನ ತೀರ್ಪು ಈ ವಿಷಯವನ್ನು ನಿಸ್ಸಂದಿಗ್ಧಗೊಳಿಸಿತು: ಬಡತನದಿಂದ ಕೊಡಲಾರದವನನ್ನು ಬಡತನಕ್ಕಾಗಿ ಸೆರೆಯಲ್ಲಿಡುವುದು ಸಂವಿಧಾನಕ್ಕೆ ಸಮ್ಮತವಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರಿಕೆಯಿದೆ. ನಿನ್ನ ಆಸ್ತಿಪಾಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸೆಂದು ನ್ಯಾಯಾಲಯವು ಆಜ್ಞೆ ಮಾಡಿದ ಮೇಲೂ ಸಲ್ಲಿಸದವನನ್ನು ಮೂರು ತಿಂಗಳವರೆಗೆ ಸಿವಿಲ್ ಸೆರೆಯಲ್ಲಿಡಬಹುದು. ಬಡತನ ಸೆರೆಮನೆಗೆ ಒಯ್ಯದು, ಮೌನ ಒಯ್ಯಬಹುದು.

ಜಪ್ತಿಗೂ ಮೇರೆಯುಂಟು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಹತ್ಯಾರು, ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಇವನ್ನು ಮುಟ್ಟುವಂತಿಲ್ಲ. ಪ್ರಾವಿಡೆಂಟ್ ಫಂಡಿಗೂ ರಕ್ಷಣೆಯಿದೆ. ಕೂಲಿಗಾರನ ಹಾಗೂ ಮನೆಯಾಳಿನ ಕೂಲಿ ಪೂರ್ತಿಯಾಗಿ ಜಪ್ತಿಯಿಂದ ಹೊರಗು. ಪಾತ್ರೆ ತೊಳೆಯುವ, ಹಿಟ್ಟು ರುಬ್ಬುವ ದುಡಿಮೆಯವನು ಈ ವಾದವನ್ನು ವಕೀಲರ ಮೂಲಕ ನ್ಯಾಯಾಲಯದ ಮುಂದಿಡತಕ್ಕದ್ದು. ಸಂಬಳದವನಿಗೆ ಮೊದಲ 1,000 ರೂಪಾಯಿಯೂ, ಉಳಿದುದರ ಮೂರರಲ್ಲಿ ಎರಡು ಪಾಲೂ ರಕ್ಷಿತ. 25,000 ರೂಪಾಯಿ ಸಂಬಳವಾದರೆ 17,000 ಅವನ ಕೈಗೆ. 8,000ಕ್ಕೆ ಮಾತ್ರ ಜಪ್ತಿ ತಾಗೀತು. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಸಂಬಳ ಜಪ್ತಿಯಾದ ಮೇಲೆ, ಆ ಡಿಕ್ರಿಗಾಗಿ ಮತ್ತೆ ಸಂಬಳದ ಮೇಲೆ ಕೈಯಿಡುವಂತಿಲ್ಲ. ಸಾಲಗಾರನು ಉಪವಾಸ ಬೀಳಬೇಕೆಂದು ಕಾನೂನು ಬಯಸುವುದಿಲ್ಲ.

ಪರವೂರಿನಲ್ಲಿರುವ ನಾವು ವಿಶೇಷವಾಗಿ ತಿಳಿದಿರಬೇಕಾದ ಮಾತು ಊರಿನ ಆಸ್ತಿಯದು. ಮುಂಬಯಿಯಲ್ಲಿ ಆದ ಡಿಕ್ರಿ ಮುಂಬಯಿಯಲ್ಲೇ ಉಳಿಯಬೇಕೆಂದಿಲ್ಲ. ಉಡುಪಿಯಲ್ಲಿಯೋ ಕುಂದಾಪುರದಲ್ಲಿಯೋ ಆಸ್ತಿಯಿದ್ದರೆ ಅಲ್ಲಿಯ ನ್ಯಾಯಾಲಯಕ್ಕೆ ಅಮಲ್ಜಾರಿಗಾಗಿ ವರ್ಗವಾಗಬಹುದು. ಡಿಕ್ರಿಗೆ 12 ವರ್ಷಗಳ ಆಯುಸ್ಸಿದೆ. ಊರಿಗೆ ಹೋಗಿ ಕುಳಿತರೆ ಸಾಲ ಮರೆತುಹೋಗುತ್ತದೆಂಬುದು ಭ್ರಮೆ. ಇನ್ನು ಕೆಲವರು ಜಾಣರ ಸಲಹೆ ಕೇಳಿ ತಮ್ಮ ಪಾಲಿನ ಮನೆ ಹಿತ್ತಿಲುಗಳನ್ನು ಅವಸರದಲ್ಲಿ ಅಣ್ಣನ ಹೆಸರಿಗೋ ಭಾವನ ಹೆಸರಿಗೋ ಬರೆದುಕೊಡುತ್ತಾರೆ. ಇದು ಸರ್ವಥಾ ಸಲ್ಲದು. ಸಾಲಗಾರರನ್ನು ವಂಚಿಸಲು ಮಾಡಿದ ಪರಭಾರೆಯನ್ನು ನ್ಯಾಯಾಲಯವು ರದ್ದುಪಡಿಸಬಲ್ಲದು. ಅಷ್ಟೇ ಅಲ್ಲ, ಮೇಲೆ ಹೇಳಿದಂತೆ ಸೆರೆಗೆ ಕಾರಣವಾಗುವ ಅಪ್ರಾಮಾಣಿಕತೆಯೂ ಅದೇ. ಬಡವನೆಂಬ ಕವಚವನ್ನು ತನ್ನ ಕೈಯಾರೆ ಕಳಚಿ ಎಸೆದಂತಾಯಿತು. ಹೆಂಡತಿ ಮಕ್ಕಳು ಜಾಮೀನು ನಿಲ್ಲದಿದ್ದರೆ ಅವರ ಸ್ವಂತ ದುಡಿಮೆಗೆ ಈ ಸಾಲದ ಹೊಣೆಯಿಲ್ಲ. ಸಾಲಗಾರನು ತೀರಿಕೊಂಡರೆ ವಾರಸುದಾರರ ಹೊಣೆ ಅವನಿಂದ ಅವರಿಗೆ ಬಂದ ಆಸ್ತಿಯಷ್ಟಕ್ಕೇ. ಕುಟುಂಬಕ್ಕೆ ಕೇಡಾಗಬಾರದೆಂದು ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಿದ್ದವರು ಯಾರಾದರೂ ಇದ್ದರೆ, ಕುಟುಂಬಕ್ಕೆ ಬೇಕಾದುದು ಅವರು ಬದುಕಿರುವುದು ಎಂಬುದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಲಿ.

ಸಾಲ ನಿಜವಾಗಿದ್ದು, ಒಮ್ಮೆಗೇ ತೀರಿಸುವ ಶಕ್ತಿಯಿಲ್ಲದಿದ್ದರೆ ಕಂತು ಕೇಳಬೇಕು. ಡಿಕ್ರಿ ಮಾಡುವಾಗಲೇ ತಕ್ಕ ಕಾರಣವಿದ್ದರೆ ಕಂತಿನ ಅನುಕೂಲ ಮಾಡಿಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ಡಿಕ್ರಿಯಾದ ಮೇಲಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು, 30 ದಿನಗಳೊಳಗೆ ಅರ್ಜಿಯೂ ಬೇಕು. ಮುಂಚೆ ಬಂದವನಿಗೆ ನ್ಯಾಯಾಧೀಶರ ದಯೆ, ತಡವಾಗಿ ಬಂದವನಿಗೆ ಬ್ಯಾಂಕಿನ ದಯೆ. ಸಂಬಳದ ಚೀಟಿ, ಖೋಲಿಯ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳುಹಿಸುವ ಹಣ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ತಿಂಗಳಿಗೆ ಇಷ್ಟು ಕೊಡಬಲ್ಲೆನೆಂದು ಹೇಳಿದವನ ಮಾತಿಗೆ ತೂಕವಿರುತ್ತದೆ. ಕೊಡಬಲ್ಲುದಕ್ಕಿಂತ ಒಂದು ರೂಪಾಯಿ ಹೆಚ್ಚು ಒಪ್ಪಿಕೊಳ್ಳಬಾರದು.

ಲೋಕ ಅದಾಲತ್ತಿನ ನೋಟೀಸು ಬಂದರೆ ಹೆದರದೆ ಹೋಗಬೇಕು. ಅಲ್ಲಿ ಒಪ್ಪಿಗೆಯಿಲ್ಲದೆ ತೀರ್ಮಾನವಿಲ್ಲ. ಆದರೆ ಒಪ್ಪಿ ಸಹಿ ಮಾಡಿದ ಮೇಲೆ ಅದು ಡಿಕ್ರಿಗೆ ಸಮಾನ, ಅಪೀಲಿಲ್ಲ. ಬ್ಯಾಂಕಿನೊಡನೆ ನೇರವಾಗಿ ರಾಜಿಯಾದರೆ ಮೊತ್ತವನ್ನು ಬ್ಯಾಂಕಿನ ಕಾಗದದಲ್ಲಿ ಬರೆಯಿಸಿಕೊಂಡೇ ಹಣ ಕಟ್ಟಬೇಕು; ಏಜೆಂಟನ ಕೈಗೆ ನಗದು ಕೊಡಬಾರದು; ಡಿಕ್ರಿಯಾಗಿದ್ದರೆ ಹಣ ಸಂದಿತೆಂದು ನ್ಯಾಯಾಲಯದಲ್ಲಿಯೂ ದಾಖಲಿಸಬೇಕು. ಖಾತೆಯಲ್ಲಿ ಹಣವಿಲ್ಲದೆ ಮುಂದಿನ ತಾರೀಖಿನ ಚೆಕ್ಕು ಬರೆದುಕೊಡುವುದು ಅಪಾಯಕರ. ಚೆಕ್ಕು ಹಿಂದಿರುಗಿತೆಂದರೆ ಸಿವಿಲ್ ಋಣವು ಕ್ರಿಮಿನಲ್ ಮೊಕದ್ದಮೆಯ ರೂಪ ತಾಳಬಹುದು.

ನಿಜವಾದ ಕಾಗದದೊಡನೆ ಸುಳ್ಳು ಕಾಗದಗಳೂ ಓಡಾಡುವ ಕಾಲವಿದು. ವಾಟ್ಸಾಪಿನಲ್ಲಿ ವಾರಂಟು ಬಂತೆಂದು ಗಾಬರಿಯಾಗುವ ಮೊದಲು ಅದರಲ್ಲಿ ಮೊಕದ್ದಮೆಯ ಸಂಖ್ಯೆಯಿದೆಯೇ ನೋಡಿ. ಸರಕಾರದ ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರನ ಹೆಸರಿನಿಂದಲೋ, ಹದಿನಾರು ಅಕ್ಷರ ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿಂದಲೋ ಹುಡುಕಿದರೆ ನಿಜ ತಿಳಿಯುತ್ತದೆ. ವಸೂಲಿಯ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿಯೇ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿದೆ.

ಹೋಟೆಲು ಮಾಲಿಕರಿಗೂ ಒಂದು ಮಾತು. ನೌಕರನ ಸಂಬಳ ಜಪ್ತಿಯ ಆಜ್ಞೆ ಬಂದರೆ ಆಜ್ಞೆಯಲ್ಲಿ ಹೇಳಿದಷ್ಟನ್ನು ಹಿಡಿದು ನ್ಯಾಯಾಲಯಕ್ಕೆ ಕಳುಹಿಸುವುದು ಮಾಲಿಕನ ಕರ್ತವ್ಯ. ತಪ್ಪಿದರೆ ಆ ಹಣಕ್ಕೆ ಅವನೇ ಹೊಣೆ. ಆದರೆ ಅದನ್ನು ನೆಪ ಮಾಡಿ ನೌಕರನನ್ನು ಹೊರಗೆ ಹಾಕುವುದು ಧರ್ಮವಲ್ಲ, ಲೆಕ್ಕವೂ ಅಲ್ಲ. ಕೆಲಸ ಹೋದವನು ಯಾರ ಸಾಲವನ್ನೂ ತೀರಿಸಲಾರ. ಗಲ್ಲೆಯ ಮೇಲೆ ಕುಳಿತವನು ಅದನ್ನು ನಾಲ್ಕು ಜನರ ಮುಂದೆ ಆಡಿಕೊಳ್ಳದಿದ್ದರೆ ಅರ್ಧ ಉಪಕಾರವಾದಂತೆಯೇ.

ನಮ್ಮ ಸಂಘಗಳೂ ಇಲ್ಲಿ ಮಾಡಬಹುದಾದುದಿದೆ. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಅಕ್ಷರ ಕಲಿಸಲು ರಾತ್ರಿಶಾಲೆಗಳನ್ನು ನಡೆಸಿದ ಸಮಾಜ ನಮ್ಮದು. ಸಂಘದ ಕೋಣೆಯಲ್ಲಿ ವಾರಕ್ಕೊಂದು ಗಂಟೆ ಕನ್ನಡ ಬಲ್ಲ ವಕೀಲರೊಬ್ಬರು ಕುಳಿತು, ಬಂದವರ ಕಾಗದವನ್ನು ಓದಿ ಹೇಳುವ ಏರ್ಪಾಡು ಅಂತಹ ದೊಡ್ಡ ಖರ್ಚಿನದಲ್ಲ. ಅಲ್ಲಿಯವರೆಗೆ ಸರಕಾರದ ಕಾನೂನು ಸೇವಾ ಪ್ರಾಧಿಕಾರವಿದೆ, ದೂರವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯದವರಿಗೆ ವಕೀಲರ ನೆರವು ಅಲ್ಲಿ ಉಚಿತ.

ಕೊಂಡ ಸಾಲವನ್ನು ತೀರಿಸಬಾರದೆಂದು ನಾವು ಹೇಳುತ್ತಿಲ್ಲ. ಬ್ಯಾಂಕು ಧರ್ಮಛತ್ರವಲ್ಲ, ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಕಾರ್ಡು ಹಿಡಿದವನಿಗೂ ಸಲ್ಲುತ್ತದೆ. ಆದರೆ ತೀರಿಸಬೇಕಾದುದು ದುಡಿಮೆಯಿಂದ, ಶಕ್ತಿಯಿದ್ದಷ್ಟು, ಕಾನೂನು ಹಾಕಿಕೊಟ್ಟ ಮೇರೆಯೊಳಗೆ. ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಯಾರ ಮಾನವೂ ಹೋಗದು. ಟ್ರಂಕಿನ ತಳದಲ್ಲಿ ಇಂತಹ ಲಕೋಟೆಯೊಂದನ್ನು ಇಟ್ಟುಕೊಂಡಿರುವ ವಾಚಕ ಬಂಧುಗಳು ಇಂದೇ ಅದನ್ನು ಹೊರತೆಗೆದು, ತಾರೀಖು ಯಾವುದೆಂದು ನೋಡಿ, ಆ ದಿನ ಹಾಜರಾಗಲಿ.