ಹೊಲಿದವರ ಹೆಸರೆಲ್ಲಿ?

ಭಾನುವಾರ ಬೆಂಗಳೂರಲ್ಲಿ 'ಸ್ಥಳೀಯ ಕಲಾವಿದರ' ಮೂರು ದಿನದ ಪಾಪ್-ಅಪ್ ಅಂಗಡಿಗೆ ಹೋಗಿದ್ದೆ. ಒಂದು ಕಡೆ ಕೊಲ್ಹಾಪುರಿ ಚಪ್ಪಲಿ, ಜೋಡಿಗೆ 2,800 ರೂಪಾಯಿ. ಚೀಟಿ ಮೇಲೆ ಡಿಸೈನರ್ ಹೆಸರಿದೆ, ಹೊಲಿದವರದಿಲ್ಲ. ಅಥಣಿಯ ಸಮಗಾರ ಅಣ್ಣ ನೆಲದ ಮೇಲೆ ಕೂತು ಹೊಲಿದು ತೋರಿಸ್ತಿದ್ರು, ಜನ ಫೋಟೋ ತೆಗೀತಿದ್ರು. 'ನಿಮಗೆಷ್ಟಣ್ಣಾ?' ಅಂದೆ. 'ಜೋಡಿಗೆ ನಾಕನೂರ್ರಿ ಸರ.'

2025ರಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ಮಾದರಿ ಚಪ್ಪಲಿ ತೋರಿಸಿ ಮೂಲ ಹೇಳದೇ ಇದ್ದಾಗ ನಾವೆಲ್ಲ ಕೂಗಾಡಿದ್ವಿ. ನಾನೂ, ಆಫೀಸಲ್ಲಿ ಕೂತೇ. (ಸಾಹೇಬ್ರು ನೋಡಲಿಲ್ಲ.) ಇಲ್ಲಿ ನಡೀತಿರೋದು ಬೇರೆ ಏನು? 2019ರ ಜಿಐ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಯ ಹೆಸರಿದೆ. ಜಿಲ್ಲೆ ಚಪ್ಪಲಿ ಹೊಲಿಯುತ್ತಾ?

ಚೀಟಿಯಲ್ಲಿ ಹೊಲಿದವರ ಹೆಸರು ಬರಲಿ, ಗಲ್ಲಾಪೆಟ್ಟಿಗೆ ಹಿಂದೆ ಅವರೇ ಕೂರಲಿ. ನೀವೂ ಹೋದಾಗ ಕೇಳಿ. ನಾನು ಕೇಳಿದೆ. ಬಿಲ್ ಬರೆಯೋರಿಗೆ ಅಣ್ಣನ ಹೆಸರೇ ಗೊತ್ತಿರಲಿಲ್ಲ.