ವಾದ್ಯಾಭ್ಯಾಸ ಮತ್ತು ರಾಗಗಳ ಆಯ್ಕೆ

ಗಾಯನವಾಗಲಿ ವಾದನವಾಗಲಿ, ಸಂಗೀತವಿದ್ಯೆಗೆ ಸ್ವರಜ್ಞಾನವೇ ತಳಹದಿ. ಶಾಲೆಗಳಲ್ಲಿ ಹಾರ್ಮೋನಿಯಂ, ಪಿಟೀಲು ಮೊದಲಾದ ವಾದ್ಯಗಳನ್ನು ಮಕ್ಕಳು ಕಲಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಯಾವ ರಾಗಗಳನ್ನು ಯಾವ ಕ್ರಮದಲ್ಲಿ ಅಭ್ಯಾಸ ಮಾಡಿಸಬೇಕೆಂಬ ವಿಚಾರಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. ವಾರ್ಷಿಕೋತ್ಸವಕ್ಕೆ ಯಾವ ಹಾಡು ಬೇಕೋ ಅದೇ ಆ ವರ್ಷದ ಪಾಠವಾಗುತ್ತದೆ. ಚಪ್ಪಾಳೆ ದೊರೆಯುತ್ತದೆ, ವಿದ್ಯೆ ಉಳಿಯುವುದಿಲ್ಲ.

ರಾಗಗಳಾದರೋ ಅಸಂಖ್ಯ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳನ್ನು ನಿರೂಪಿಸಿದನು. ಹಿಂದೂಸ್ತಾನೀ ಪದ್ಧತಿಯ ರಾಗಗಳನ್ನು ಭಾತಖಂಡೆಯವರು (1860–1936) 10 ಥಾಟುಗಳಲ್ಲಿ ವರ್ಗೀಕರಿಸಿದರು. ಎಲ್ಲವೂ ಆರಂಭಿಕನಿಗಲ್ಲ. ಕರ್ನಾಟಕ ಪದ್ಧತಿಯಲ್ಲಿ ಸರಳೆ, ಜಂಟಿ, ಅಲಂಕಾರಗಳಿಗೆ ಮಾಯಾಮಾಳವಗೌಳವೊಂದನ್ನೇ ಆಯ್ದುಕೊಂಡರು. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಈ ಆಯ್ಕೆಯ ಔಚಿತ್ಯವನ್ನು ಪಿಟೀಲು ಹಿಡಿದವನು ಬೆರಳಿನಿಂದಲೇ ಅರಿಯಬಹುದು. ಷಡ್ಜದ ತಂತಿಯಲ್ಲಿ ಸ-ರಿ-ಗ-ಮ ನುಡಿಸಿದ ಬೆರಳುಗಳ ಸ್ಥಾನವೇ ಪಂಚಮದ ತಂತಿಯಲ್ಲಿ ಪ-ದ-ನಿ-ಸಗಳಿಗೂ ಸಾಲುತ್ತದೆ. ಶಂಕರಾಭರಣಕ್ಕೂ ಈ ಗುಣವುಂಟು. ಆದರೆ ಮಾಯಾಮಾಳವಗೌಳದಲ್ಲಿ ಕಿರಿದಾದ ಅಂತರದ ಮಗ್ಗುಲಲ್ಲಿಯೇ ಹಿರಿದಾದ ಅಂತರವಿರುವುದರಿಂದ ಸ್ವರಭೇದವು ಕಿವಿಗೆ ಸ್ಪಷ್ಟವಾಗುತ್ತದೆ.

ಹಾರ್ಮೋನಿಯಮ್ಮಿನ ಮಾತು ಬೇರೆ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ಬಿಲಾವಲದ ಏಳು ಸ್ವರಗಳೂ ಬಿಳಿಯ ಮನೆಗಳಲ್ಲಿಯೇ ದೊರೆಯುತ್ತವೆ. ಸುಲಭವೆಂದು ಅಲ್ಲಿಯೇ ನಿಂತರೆ ಬೆರಳು ಮನೆಗಳನ್ನು ಕಲಿಯುತ್ತದೆ, ಕಿವಿ ಸ್ವರವನ್ನು ಕಲಿಯದು. ಷಡ್ಜವನ್ನು ಕಪ್ಪು ಒಂದಕ್ಕೆ ಸರಿಸಿದೊಡನೆ ಬಾಲಕನು ತಬ್ಬಿಬ್ಬಾಗುತ್ತಾನೆ.

ಇದಕ್ಕೆ ಪರಿಹಾರ ನಮ್ಮ ಕಾಗುಣಿತದ ಮಾರ್ಗದಲ್ಲಿದೆ. ಬಿಲಾವಲದ ಮಧ್ಯಮವನ್ನು ತೀವ್ರಗೊಳಿಸಿದರೆ ಕಲ್ಯಾಣ ಥಾಟು. ಮರಳಿ ಬಿಲಾವಲಕ್ಕೆ ಬಂದು ನಿಷಾದವನ್ನು ಕೋಮಲಗೊಳಿಸಿದರೆ ಖಮಾಜ; ಗಾಂಧಾರವನ್ನೂ ಕೋಮಲಗೊಳಿಸಿದರೆ ಕಾಫಿ; ಧೈವತವನ್ನು ಸೇರಿಸಿದರೆ ಅಸಾವರಿ; ಕೊನೆಗೆ ರಿಷಭವನ್ನೂ ಸೇರಿಸಿದರೆ ಭೈರವಿ. ಕಾಗುಣಿತದಲ್ಲಿ ವ್ಯಂಜನವು ನಿಂತು ಸ್ವರ ಮಾತ್ರ ಬದಲಾಗುವಂತೆ, ಇಲ್ಲಿ ಆರು ಸ್ವರಗಳು ನಿಂತು ಒಂದು ಮಾತ್ರ ಬದಲಾಗುತ್ತದೆ. ಆ ಒಂದರ ಬದಲಾವಣೆಯಿಂದ ಭಾವವೇ ಬೇರೆಯಾಗುವುದನ್ನು ಮಗುವು ತಾನೇ ಕೇಳಿ ತಿಳಿಯುತ್ತದೆ. ಒಂದು ಥಾಟು ಕಿವಿಯಲ್ಲಿ ನೆಲೆಸಿದ ಬಳಿಕವೇ ಮುಂದಿನದು. ಪ್ರತಿಯೊಂದನ್ನೂ ಎರಡು ಮೂರು ಷಡ್ಜಗಳಿಂದ ನುಡಿಸುವುದು ಕಡ್ಡಾಯ.

ಹೀಗೆ ಮಾಡಿದರೆ ಮಕ್ಕಳಿಗೆ ಬೇಸರವಾಗುತ್ತದೆಂಬ ಆಕ್ಷೇಪ ಬರಬಹುದು. ಕಲಿತ ಸ್ವರಗಳೊಳಗೇ ಸಲ್ಲುವ ವಚನವನ್ನೋ ಭಾವಗೀತೆಯನ್ನೋ ಜೊತೆಗೆ ಕಲಿಸಲು ಅಡ್ಡಿಯೇನು? ಹಾಡು ಸ್ವರಪಾಠವನ್ನು ಹಿಂಬಾಲಿಸಲಿ. ಸ್ವರಪಾಠವು ಹಾಡಿನ ಬೆನ್ನು ಹತ್ತುವುದು ಬೇಡ. ಯಾವ ಪದ್ಧತಿ ಮೇಲೆಂಬ ವಾದವೂ ಅನಗತ್ಯ. ಉಭಯ ಪದ್ಧತಿಗಳನ್ನೂ ಬಲ್ಲ ಗದುಗಿನ ಪಂಚಾಕ್ಷರ ಗವಾಯಿಗಳು (1892–1944) ಬಾಳಿದ ನಾಡು ಇದು. ವಾದ್ಯಕ್ಕೆ ಒಪ್ಪುವ ಕ್ರಮವನ್ನು ಹಿಡಿದರಾಯಿತು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೇ: ಮೊದಲ ವರ್ಷ ಎರಡು ಮೂರು ರಾಗಗಳಿಗೆ ಮೀರಬೇಡಿ. ವಾದ್ಯಗಳನ್ನು ಕೊಡಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವರ್ಷಾಂತ್ಯದಲ್ಲಿ ಬಂದಾಗ, ಎಷ್ಟು ಹಾಡು ಬರುತ್ತವೆಂದು ಕೇಳುವುದರ ಬದಲು ಮಗುವಿನ ಮುಂದೆ ಷಡ್ಜವನ್ನು ಹಿಡಿದು ಒಂದು ಸ್ವರವನ್ನು ನುಡಿಸಲಿ. ಅದು ಯಾವುದೆಂದು ಮಗು ಹೇಳಬಲ್ಲುದಾದರೆ, ಕೊಟ್ಟ ದಾನವು ಸಾರ್ಥಕವಾಯಿತೆಂದು ತಿಳಿಯಬಹುದು.